ಏರಿಯ ಮೇಲೊಂದು ಊಟ

ಒದ್ದೆ ಹತ್ತಿಬಟ್ಟೆಗೆ ಒಂದು ವಾಸನೆಯಿದೆ. ಅದು ಸೋಪಿನದಲ್ಲ, ಬಿಸಿಲಿನದೂ ಅಲ್ಲ. ಬಾವಿಯ ನೀರು, ತಾಮ್ರದ ಕೊಡ, ಹಳೇ ಪಂಚೆ ಮೂರೂ ಸೇರಿದಾಗ ಮಾತ್ರ ಹುಟ್ಟುವ ತಣ್ಣನೆಯ ವಾಸನೆ. ಮೊನ್ನೆ ನಮ್ಮ ಬೀದಿಯ ಪೈಪು ಒಡೆದು ಕೆಂಪು ನೀರು ಬಂತೆಂದು ನಲ್ಲಿಯ ಬಾಯಿಗೆ ಬಿಳಿ ಬಟ್ಟೆಯೊಂದನ್ನು ಕಟ್ಟಿದ್ದೆ. ಸಂಜೆ ಅದನ್ನು ಬಿಚ್ಚಿ ಹಿಂಡುವಾಗ ಆ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು. ಅತ್ತೆಯ ಮನೆಯ ಹಿತ್ತಿಲು, ಬಾವಿಕಟ್ಟೆ, ಕೊಡದ ಬಾಯಿಗೆ ಎರಡು ಮಡಿಕೆ ಬಟ್ಟೆ ಹಾಸಿ ನೀರು ಸುರಿಯುತ್ತಿದ್ದ ಅವಳ ದುಂಡು ತೋಳು ಎಲ್ಲ ಒಟ್ಟಿಗೆ ಬಂದುಬಿಟ್ಟವು. ನೀರು ಸೋಸಿದ ಮೇಲೆ ಅತ್ತೆ ಆ ಬಟ್ಟೆಯನ್ನು ಸುಮ್ಮನೆ ಒದರುತ್ತಿರಲಿಲ್ಲ. ತಿರುವಿ ಹಾಕಿ, ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಿದ್ದಳು. ಕಣ್ಣಿಗೆ ಕಾಣದ ಜೀವಗಳು ಬಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತವಂತೆ, ಅವು ಅವುಗಳ ಮನೆಗೇ ಹೋಗಬೇಕಂತೆ. "ನಿಧಾನ ಕಣೇ, ಬಿದ್ದರೆ ಅವಕ್ಕೂ ಏಟಾಗುತ್ತೆ" ಎನ್ನುತ್ತಿದ್ದಳು. ನಾನು ಬಾವಿಗೆ ಬಗ್ಗಿ ನೋಡುತ್ತಿದ್ದೆ. ಯಾರೂ ಮನೆ ಸೇರಿದ್ದು ಕಾಣುತ್ತಿರಲಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಊರು ಹಳೇಬೀಡಿನಿಂದ ಹಗರೆಯ ದಿಕ್ಕಿಗೆ, ಹೊಲಗಳ ನಡುವೆ. ಹೆಸರು ಹೇಳಿದರೂ ನಿಮಗೆ ತಿಳಿಯಲಾರದು, ಅಲ್ಲಿಗೆ ಬಸ್ಸೇ ಇರಲಿಲ್ಲ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾವಿದ್ದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡು, ಗಾಡಿಯ ಕೊನೆಯ ಬ್ರೇಕ್‌ವ್ಯಾನಿನಲ್ಲಿ ಕೂತು ಹೋಗುವವನು. ಹಗಲಿಲ್ಲ ಇರುಳಿಲ್ಲ, ನಮ್ಮ ಕಿಟಕಿಗಳು ಗಾಡಿಗಳ ಸದ್ದಿಗೆ ನಡುಗುತ್ತಲೇ ಇರುತ್ತಿದ್ದವು. ಪರೀಕ್ಷೆ ಮುಗಿದ ಕೂಡಲೇ ಅಮ್ಮ ನನ್ನನ್ನು ಜಾವಗಲ್ ಮೇಲೆ ಹೋಗುವ ಬಸ್ಸಿಗೆ ಹತ್ತಿಸುತ್ತಿದ್ದಳು. ಹಳೇಬೀಡಿನಲ್ಲಿ ಅತ್ತೆಯ ಗಂಡ, ನನ್ನ ಮಾವ, ಕೊಡೆ ಹಿಡಿದು ಕಾದಿರುತ್ತಿದ್ದರು. ಅವರ ಹಿಂದೆ ಬಸದಿಗಳನ್ನು ದಾಟಿ, ಕೆಂಪು ಗಾಡಿದಾರಿ ಹಿಡಿದು, ಆ ಊರಿನ ಕೆರೆ ಏರಿಯನ್ನು ಹತ್ತಿ ಇಳಿದರೆ ಊರು. ಏರಿ ಇಳಿಯುವಷ್ಟರಲ್ಲಿ ನನ್ನ ಕಿವಿಯೊಳಗಿನ ರೈಲು ನಿಂತುಹೋಗುತ್ತಿತ್ತು. ಆಮೇಲೆ ಬಾವಿಯ ರಾಟೆ ಕೀರೆನ್ನುವುದು, ತೆಂಗಿನ ಗರಿ ಒಂದಕ್ಕೊಂದು ಉಜ್ಜುವುದು, ಮಧ್ಯಾಹ್ನ ಯಾರದೋ ಮನೆಯ ಬೀಸುವ ಕಲ್ಲು ಇಷ್ಟೇ. ಅಷ್ಟು ನಿಶ್ಶಬ್ದ ಇರುವ ಊರುಗಳು ಈಗ ಎಲ್ಲಿವೆ ಹೇಳಿ? ಅಲ್ಲಿ ನಾನು ನಿದ್ದೆಯಲ್ಲಿ ನಡೆದ ಹಾಗೆ ನಡೆಯುತ್ತಿದ್ದೆ. ಬೆಳಗ್ಗೆ ಹಿತ್ತಿಲಿಗೆ ಹೋದವಳು ಇರುವೆ ಸಾಲು ನೋಡುತ್ತ ಕೂತರೆ ಮಧ್ಯಾಹ್ನ ಆಗಿಬಿಟ್ಟಿರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಆ ಮನೆಯಲ್ಲಿ ಕೇಳುತ್ತಿದ್ದುದು ಒಂದನ್ನೇ: ಹೊತ್ತು ಎಲ್ಲಿದೆ? ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಉಣ್ಣುವಂತಿಲ್ಲ, ಹುಟ್ಟುವ ಮುಂಚೆಯೂ ಇಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಈ ಕಟ್ಟಳೆ ಎಂದೋ ಸಡಿಲವಾಗಿತ್ತು. ಅಪ್ಪ ಡ್ಯೂಟಿ ಮುಗಿಸಿ ಬಂದಾಗಲೇ ಊಟ, ಅದು ಎಷ್ಟು ಹೊತ್ತಾದರೂ ಸರಿ. ಅಷ್ಟೇ ಅಲ್ಲ, ನೆಲದಡಿಯ ಗಡ್ಡೆ ತಿನ್ನಬಾರದೆಂದಿದ್ದರೂ ವಾರಕ್ಕೊಮ್ಮೆ ಆಲೂಗಡ್ಡೆ ಪಲ್ಯವೂ ಆಗುತ್ತಿತ್ತು. "ಅತ್ತೆ ಊರಲ್ಲಿ ಇದರ ಬಗ್ಗೆ ಬಾಯಿ ಬಿಟ್ಟೀಯ, ಜೋಕೆ" ಎಂದು ಅಮ್ಮ ಬಸ್ಸು ಹತ್ತಿಸುವಾಗಲೇ ಕಿವಿ ಹಿಂಡುತ್ತಿದ್ದಳು. ಅತ್ತೆಯ ಮನೆಯ ಸುತ್ತ ಹೊಲದವರೆಲ್ಲ ಆಲೂಗಡ್ಡೆ ಬೆಳೆಯುವವರೇ, ಆದರೆ ಒಂದು ಗಡ್ಡೆಯೂ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯ ಯಜಮಾನಿಕೆ ಮಾವನ ತಾಯಿಯದು. ನಾವೆಲ್ಲ ಅವಳನ್ನು ಅಜ್ಜಿ ಎನ್ನುತ್ತಿದ್ದೆವು. ಹಲ್ಲಿಲ್ಲದ, ನಗುಮುಖದ ಮುದುಕಿ. ನನ್ನ ತಲೆಗೆ ಹರಳೆಣ್ಣೆ ತಟ್ಟುವಾಗ ಅವಳ ಕೈ ಎಷ್ಟು ಮೆತ್ತಗೋ, ಹೊತ್ತಿನ ವಿಷಯದಲ್ಲಿ ನಾಲಿಗೆ ಅಷ್ಟೇ ಚುರುಕು. ಜಗಲಿಯ ಕಂಬದ ನೆರಳು ಮೆಟ್ಟಿಲು ಮುಟ್ಟಿತೆಂದರೆ "ಎಲೆ ಹಾಕ್ರೇ, ಎಲೆ ಹಾಕ್ರೇ" ಎಂದು ಶುರು.

ಹಬ್ಬವಿರಲಿ ಬಿಡಲಿ, ನಾನಿದ್ದಷ್ಟು ದಿನ ಅತ್ತೆ ಏನಾದರೂ ಸಿಹಿ ಮಾಡುತ್ತಲೇ ಇದ್ದಳು. ಹೂರಣ ರುಬ್ಬುವಾಗ ಒಂದು ಉಂಡೆ ನನ್ನ ಬಾಯಿಗಿಟ್ಟು, "ಸಿಹಿ ಸಾಕಾ ನೋಡೇ" ಎಂದು ಕೇಳುತ್ತಿದ್ದಳು. ನಾನು ಕಣ್ಣು ಮುಚ್ಚಿ, ದೊಡ್ಡ ಮನುಷ್ಯಳ ಹಾಗೆ ಯೋಚಿಸಿ, ಸಾಕು ಎಂದರೆ ಸಾಕು, ಇನ್ನೊಂದು ಚೂರು ಎಂದರೆ ಬೆಲ್ಲದ ಡಬ್ಬಿಗೆ ಅವಳ ಕೈ ಹೋಗುತ್ತಿತ್ತು. ಆ ಅಧಿಕಾರದ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಅವಳು ತಾನು ಮಾತ್ರ ಒಂದು ಚೂರೂ ಬಾಯಿಗೆ ಹಾಕುವುದಿಲ್ಲ ಎಂಬುದು ನನಗೆ ಹೊಳೆಯಲು ಎರಡು ಮೂರು ಬೇಸಿಗೆಗಳೇ ಬೇಕಾದವು. ಕೇಳಿದರೆ, "ನಿಯಮ ಮಾಡ್ಕೊಂಡಿದೀನಿ ಕಣೇ" ಎಂದಳು. ಏನೋ ಒಂದನ್ನು ಬಯಸಿ ಇಷ್ಟದ ತಿನಿಸೊಂದನ್ನು ಬಿಡುವುದು ನಮ್ಮ ಹೆಂಗಸರಲ್ಲಿ ಇದ್ದದ್ದೇ. ಬೆಳಗೊಳಕ್ಕೆ ಹೋಗಿ ಬರುವವರೆಗೆ ಮಾವಿನಹಣ್ಣು ಬಿಟ್ಟವರನ್ನು ನೋಡಿದ್ದೆ. ಅತ್ತೆ ಬಯಸಿದ್ದು ಏನು ಎಂದು ಕಾಡಿದೆ. ಒಲೆಯ ಕಡೆ ತಿರುಗಿಕೊಂಡೇ ಹೇಳಿದಳು: "ಹೊತ್ತಿರುವಾಗ ನಿಮ್ಮಪ್ಪ ನನ್ನ ಕಣ್ಣೆದುರು ಕೂತು, ನನ್ನ ಕೈಯೂಟ ಉಣ್ಣಲಿ. ಅವತ್ತು ತಿಂತೀನಿ."

ಅಪ್ಪ ಬರುತ್ತಿದ್ದುದು ವರ್ಷಕ್ಕೊಂದೇ ಸಲ, ರಜೆ ಮುಗಿದಾಗ ನನ್ನನ್ನು ಕರೆದೊಯ್ಯಲು. ಬರುತ್ತಿದ್ದುದು ಸೂರ್ಯ ಮುಳುಗಿದ ಮೇಲೆಯೇ. ಅತ್ತೆ ಮಧ್ಯಾಹ್ನದಿಂದ ಅಡುಗೆ ಮಾಡಿಟ್ಟು, ಬಾಗಿಲಿಗೂ ಒಲೆಗೂ ಓಡಾಡಿ, ಕೊನೆಗೆ ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಗಳನ್ನು ಮುಚ್ಚಿಡುತ್ತಿದ್ದಳು. ಮಬ್ಬಿನಲ್ಲಿ ಅಪ್ಪನ ಕಪ್ಪು ಕೋಟು ಕಾಣುತ್ತಿತ್ತು. "ಬಸ್ಸು ತಡ ಆಯ್ತು ಪದ್ದು" ಎಂದು ಅತ್ತೆಗೆ ಹೇಳುತ್ತಿದ್ದ. ಊಟದ ಮಾತನ್ನು ಅವಳೂ ಎತ್ತುವಂತಿರಲಿಲ್ಲ, ಅವನೂ ಎತ್ತುತ್ತಿರಲಿಲ್ಲ. ಬೆಳಗ್ಗೆ ಕೋಳಿ ಕೂಗುವಾಗಲೇ ಎಬ್ಬಿಸಿ, ಬೆಳಕು ಹರಿಯುವ ಮುಂಚೆ ನನ್ನನ್ನು ನಡೆಸಿಕೊಂಡು ಹೊರಟುಬಿಡುತ್ತಿದ್ದ. ಅಜ್ಜಿ ನನ್ನನ್ನೇ ಕೇಳುತ್ತಿದ್ದಳು: "ಅದ್ಯಾಕವ್ವ ನಿಮ್ಮಪ್ಪ ಯಾವಾಗ್ಲೂ ಹೊತ್ತು ಮುಳುಗಿಸ್ಕೊಂಡೇ ಬತ್ತಾನೆ?" ಜಾವಗಲ್ ಬಸ್ಸನ್ನು ಎಲ್ಲರೂ ಸೇರಿ ಬೈಯುತ್ತಿದ್ದೆವು.

ನನಗೆ ಹತ್ತೋ ಹನ್ನೊಂದೋ ತುಂಬಿದ ಬೇಸಿಗೆ ಅದು. ಅಪ್ಪ ಬರುವ ದಿನ ಅತ್ತೆ ಒಬ್ಬಟ್ಟು ಮಾಡಿದ್ದಳು. ಬಿಸಿಲು ಇಳಿಯುವಾಗ, "ಏರಿ ತನಕ ಹೋಗಿ ನೋಡೇ, ಬಂದ್ರೆ ಕೈ ಹಿಡಿದು ಎಳ್ಕೊಂಡು ಬಾ" ಎಂದು ಕಳಿಸಿದಳು. ಆ ಸಂಜೆಯ ಬೆಳಕು ಇಂದಿಗೂ ನನ್ನ ಕಣ್ಣಲ್ಲಿದೆ. ಕೆರೆಯಲ್ಲಿ ನೀರು ಅರ್ಧ, ಉಳಿದರ್ಧ ಬಿರಿದ ಕಪ್ಪು ಮಣ್ಣು. ನೀರಿನಂಚಿನಲ್ಲಿ ಬೆಳ್ಳಕ್ಕಿಗಳು. ಹೊಂಗೆಯ ಮರದ ಹೂವು ಉದುರಿ ಏರಿಯ ದಾರಿಯೆಲ್ಲ ಬೆಳ್ಳಗಾಗಿತ್ತು. ಆ ಮರದ ಕೆಳಗೆ, ಬೂಟು ಬಿಚ್ಚಿಟ್ಟು, ಕೋಟನ್ನು ಮಡಿಚಿ ಪಕ್ಕಕ್ಕಿಟ್ಟು ಅಪ್ಪ ಕೂತಿದ್ದ. ಆಗ ತಾನೇ ಬಂದವನ ಹಾಗಿರಲಿಲ್ಲ. ಹೊಂಗೆ ಹೂವು ಅವನ ತಲೆಯ ಮೇಲೆಲ್ಲ ಬಿದ್ದಿತ್ತು.

"ಬಸ್ಸು ಬೇಗ ಬಂತಾ ಅಪ್ಪ?"

"ಆಗ್ಲೇ ಬಂತು."

"ಮತ್ತೆ ಬಾ, ಅತ್ತೆ ಒಬ್ಬಟ್ಟು ಮಾಡಿದಾಳೆ. ಇನ್ನೂ ಹೊತ್ತಿದೆ!"

ಅಪ್ಪ ಸಿಗ್ನಲ್ ನೋಡುವವನ ಹಾಗೆ ಸೂರ್ಯನನ್ನು ನೋಡಿದ. "ನೀನು ನಡಿ ಮಗ. ಅದು ಮುಳುಗಲಿ, ಬರ್ತೀನಿ."

ನಾನು ಓಡಿ ಬಂದು ಕಂಡದ್ದನ್ನು ಕಂಡ ಹಾಗೇ ಅತ್ತೆಗೆ ಒಪ್ಪಿಸಿದೆ. ಅವಳು ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. "ಅವತ್ತಿನ ಮಾತು ಇನ್ನೂ ಹೊಟ್ಟೇಲಿಟ್ಕೊಂಡಿದಾನೆ" ಎಂದಳು, ನನಗಲ್ಲ, ಒಲೆಗೆ. ಆ ಮಾತು ಏನೆಂದು ಆಮೇಲೆ ಅಮ್ಮ ಹೇಳಿದಳು. ಅತ್ತೆಯ ಮದುವೆಯಾದ ಹೊಸತರಲ್ಲಿ ಅಪ್ಪ ಡ್ಯೂಟಿಯಿಂದ ನೇರ ಬಂದು, ಕತ್ತಲಾದ ಮೇಲೆ, ಹಸಿವು ತಡೆಯಲಾರದೆ ತಂಗಿಯನ್ನು ಒಂದು ತುತ್ತು ಅನ್ನ ಕೇಳಿದ್ದನಂತೆ. ತುಂಬಿದ ಮನೆಯಲ್ಲಿ ಅಜ್ಜಿ, "ರೈಲಿನೋರಿಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ಈ ಮನೇಲಿ ಎಲೆ ಹಾಕೋದು ಹೊತ್ತು ಗೊತ್ತಿರೋರಿಗೆ" ಎಂದಳಂತೆ. ಅಪ್ಪ ನಕ್ಕುಬಿಟ್ಟನಂತೆ. ಜಗಳ ಆಡಿದ್ದರೆ ತಂಗಿಗೆ ಕಷ್ಟ, ಉಂಡರೆ ತನಗೆ ಕಷ್ಟ. ಹಾಗಾಗಿ ಆ ಮನೆಯ ಕಟ್ಟಳೆಯನ್ನೇ ಹಿಡಿದು ವರ್ಷ ವರ್ಷವೂ ಏರಿಯ ಮೇಲೆ ಸೂರ್ಯ ಮುಳುಗುವುದನ್ನು ಕಾಯುತ್ತಿದ್ದ. ಮುಳುಗಿದ ಮೇಲೆ ಯಾರೂ ಉಣ್ಣು ಎನ್ನುವಂತಿಲ್ಲವಲ್ಲ. ಯಾರ ಮನಸ್ಸೂ ನೋಯಲಿಲ್ಲ ಎಂದುಕೊಂಡಿದ್ದ. ಒಲೆಯ ಮುಂದೆ ಒಬ್ಬಳು ಸಿಹಿ ಬಿಟ್ಟು ಕೂತಿರುವುದು ಅವನಿಗೇನು ಗೊತ್ತು?

ಅತ್ತೆ ಬೋಗುಣಿಗೆ ಅನ್ನ, ಸಾರು ಹಾಕಿಕೊಂಡಳು, ಮೇಲೆ ಒಬ್ಬಟ್ಟಿಟ್ಟು ಮುಚ್ಚಿದಳು, ಬಾಳೆಲೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿರಿಸಿಕೊಂಡಳು. ಸೋಸಿದ ನೀರಿನ ಚೊಂಬು ನನ್ನ ಕೈಗೆ ಬಂತು. ಜಗಲಿಯಲ್ಲಿ ಅಜ್ಜಿ, "ಎಲ್ಲಿಗೇ ಅನ್ನ ಹೊತ್ಕೊಂಡು?" ಎಂದಳು. ಅತ್ತೆ ನಿಂತು, ಅವಳು ಹಾಗೆ ತಲೆಯೆತ್ತಿ ಮಾತಾಡಿದ್ದನ್ನು ನಾನು ನೋಡಿದ್ದೇ ಅವತ್ತು, "ಅಣ್ಣಯ್ಯ ಏರಿ ಮೇಲೆ ಹಸ್ಕೊಂಡು ಕೂತಿದಾನೆ. ಹೊತ್ತಿರೋವಾಗ ಈ ಮನೆಗೆ ಬರಲ್ಲ ಅವನು" ಎಂದಳು. ಅಜ್ಜಿಗೆ ತಾನು ಎಂದೋ ಆಡಿದ ಮಾತು ನೆನಪೂ ಇರಲಿಲ್ಲ. ಅವಳಿಗೆ ಕಂಡದ್ದು ಕಂಬದ ನೆರಳು ಮಾತ್ರ. "ಹಂಗಾದ್ರೆ ನಿಂತ್ಕೊಂಡು ಮಾತೇನೇ? ಓಡು, ಮುಳುಗ್ತೈತೆ!" ಎಂದು ಕೂಗಿದಳು.

ದಪ್ಪ ಮೈಯ ಅತ್ತೆ ಓಡಿದಳು. ಏರಿ ಹತ್ತಿದಾಗ ಅವಳಿಗೆ ಉಸಿರೇ ಇರಲಿಲ್ಲ. ಹೊಂಗೆ ಹೂವಿನ ಮೇಲೆಯೇ ಎಲೆ ಹಾಸಿ ಅನ್ನ ಬಡಿಸಿದಳು.

"ಅದು ಅವರ ಮನೆ ಕಣೋ ಅಣ್ಣಯ್ಯ, ಬರಬೇಡ. ಈ ಏರಿ ಯಾರಪ್ಪನ ಮನೇದೂ ಅಲ್ಲ. ಉಣ್ಣು."

ಅಪ್ಪ ಎಲೆ ನೋಡಿದ. "ಅರ್ಧ ರಾತ್ರೀಲಿ ಬ್ರೇಕ್‌ವ್ಯಾನಿನಲ್ಲಿ ಬುತ್ತಿ ಬಿಚ್ಚೋ ನನಗೆ ಹೊತ್ತೇನು ಪದ್ದು, ಗೊತ್ತೇನು?"

ಸೂರ್ಯ ಇಳಿದು ಕೆರೆಯಾಚೆಯ ಗುಡ್ಡಕ್ಕೆ ತಾಗುವುದರಲ್ಲಿದ್ದ. ನನಗೆ ತಡೆಯಲಾಗಲಿಲ್ಲ. "ನೀನು ಉಣ್ಣೋವರೆಗೂ ಅತ್ತೆ ಸಿಹಿ ತಿನ್ನಲ್ವಂತೆ ಅಪ್ಪ! ಯಾವತ್ತಿಂದಲೋ ತಿಂದೇ ಇಲ್ಲ!" ಎಂದು ಕಿರುಚಿದೆ. ಅಪ್ಪ ತಂಗಿಯ ಮುಖ ನೋಡಿದ. ಅವಳು ಕೆರೆಯ ಕಡೆ ತಿರುಗಿಕೊಂಡಳು. ಅವನು ಚೊಂಬಿನ ನೀರಿನಲ್ಲಿ ಕೈ ತೊಳೆದು ತುತ್ತಿನ ಮೇಲೆ ತುತ್ತು ಉಂಡ. ಕೊನೆಗೆ ಒಬ್ಬಟ್ಟನ್ನು ಮುರಿದು ಅರ್ಧ ತಿಂದು, ಇನ್ನರ್ಧವನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅತ್ತೆ ಗುಡ್ಡದ ಕಡೆ ನೋಡಿ, ಅಳುತ್ತಲೇ ನಕ್ಕಳು. "ಹೊತ್ತು ಹೋಯ್ತಲ್ಲೋ!" ಆ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಅಪ್ಪ ಬೆಳಕು ಹರಿಯುವವರೆಗೂ ಹೊರಡಲಿಲ್ಲ. ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಅತ್ತೆ ಸೆರಗು ಬಿಚ್ಚಿ, ಒಣಗಿದ ಆ ಚೂರನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಬೆಲ್ಲ ಜಾಸ್ತಿ ಆಗಿದೆಯಲ್ಲೇ, ಹೇಳೋದಲ್ವಾ?" ಎಂದು ಗದರಿದಳು.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ ಅಪ್ಪನ ಊಟ ಏರಿಯ ಮೇಲೆ. ಅಜ್ಜಿ ಹೋದ ಮೇಲೆ ಅತ್ತೆ ಹಟ ಹಿಡಿದು ಒಂದು ಸಲ ಮನೆಯೊಳಗೇ ಎಲೆ ಹಾಕಿದಳು. ಅಪ್ಪ ಉಂಡು, ಕೈ ತೊಳೆಯುತ್ತ, "ಇಲ್ಲಿ ಗಾಳಿ ಇಲ್ಲ ಕಣೇ" ಎಂದ. ಮುಂದಿನ ವರ್ಷ ಮತ್ತೆ ಏರಿಯೇ. ಈಗ ಆ ಮನೆಯಿಲ್ಲ, ಬಾವಿಯನ್ನೂ ಮುಚ್ಚಿದ್ದಾರೆ. ಅಂಥ ಮನೆಗಳಲ್ಲಿ ಬೆಳೆದವರಿಗೆ ನಾನೇನು ಬಿಡಿಸಿ ಹೇಳಬೇಕು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅತ್ತೆ ತೀರಿಕೊಂಡಳು, ಒಂದೇ ವಾರದ ಜ್ವರಕ್ಕೆ. ಅಪ್ಪ ಆಗ ರಿಟೈರ್ ಆಗಿದ್ದ. ಸೂತಕ ಕಳೆದ ದಿನ ಸಂಜೆ ಮಾವ ತಾವೇ ಬಂದು, "ಭಾವ, ಇನ್ನೂ ಹೊತ್ತಿದೆ, ಎಲೆ ಹಾಕಿದೀವಿ, ಏಳಿ" ಎಂದು ಕರೆದರು. ಅಪ್ಪ, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಎದ್ದುಹೋದ. ನಾನು ಹಿಂದೆಯೇ ಹೋದೆ. ಹೊಂಗೆಯ ಮರದ ಕೆಳಗೆ ಅವನು ಕೂತಿದ್ದ, ಕೆರೆಗೆ ಬೆನ್ನು ಮಾಡಿ, ಮನೆಯಿಂದ ಬರುವ ಕಾಲುದಾರಿಯ ಕಡೆ ಮುಖ ಮಾಡಿ. ನಾನು ಪಕ್ಕದಲ್ಲಿ ಕೂತೆ. ನಮ್ಮ ಬೆನ್ನ ಹಿಂದೆ ಬೆಳಕು ಕೆಂಪಾಗಿ, ಬೂದಿಯಾಗಿ, ದಾರಿ ಮಸುಕಾಗುತ್ತ ಬಂತು. ಅಪ್ಪ ಒಮ್ಮೆಯೂ ತಿರುಗಿ ಸೂರ್ಯನನ್ನು ನೋಡಲಿಲ್ಲ. ದಾರಿ ಪೂರ್ತಿ ಅಳಿಸಿಹೋದ ಮೇಲೆ ನೆಲಕ್ಕೆ ಕೈ ಊರಿ ಎದ್ದ.

"ಹೊತ್ತು ಮುಳುಗ್ತು ಮಗ," ಎಂದ, "ಇನ್ನು ಅವಳು ಬರಲ್ಲ. ನಡಿ."