ತಿನ್ನು ದೊಡ್ಡಮ್ಮ, ಏನಾಗಲ್ಲ ಎಂದೆ

ಬೆಳಿಗ್ಗೆ ಆರೂಮುಕ್ಕಾಲು. ಹಲ್ಲುಜ್ಜುತ್ತಾ ಹಿತ್ತಿಲಿಗೆ ಬಂದಾಗ ಪಕ್ಕದ ಮನೆಯ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಕಡಬದ ದೊಡ್ಡ ಕೆರೆಯಲ್ಲ, ನಮ್ಮ ತೆಂಗಿನ ತೋಟದ ಹಿಂದೆ ಮಳೆನೀರು ನಿಲ್ಲುವ ಕಟ್ಟೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅವರು ಜರಡಿಯಲ್ಲಿ ಬಾಚಿ ಬಕೆಟ್ಟಿಗೆ ಹಾಕುತ್ತಿದ್ದರು.

“ನೋಡೇ, ಬಲೆನೂ ಬೇಡ, ಗಾಳನೂ ಬೇಡ. ತಾವಾಗೇ ಬತ್ತಾವೆ” ಎಂದವರು ಸ್ವಲ್ಪ ಅನುಮಾನಿಸಿ, “ತಿನ್ಬೋದೇನವ್ವ? ನೀನು ಓದಿದೋಳು, ಹೇಳು” ಎಂದರು.

ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ತುಮಕೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಮೂರು ದಿನದಿಂದ ಮೋಡ ಕವಿದಿತ್ತು. ಬಿಸಿಲಿಲ್ಲದಾಗ ನೀರಿನಲ್ಲಿ ಆಮ್ಲಜನಕ ಇಳಿದು ಮೀನು ಮೇಲೆ ಬರುವುದನ್ನು ಪ್ರತಿ ಮಳೆಗಾಲ ನೋಡಿದ್ದೆ.

“ಮೋಡ ಅಲ್ವಾ, ಉಸ್ರಾಡಕ್ಕೆ ಬಂದವೆ. ತಿನ್ನು ದೊಡ್ಡಮ್ಮ, ಏನಾಗಲ್ಲ” ಎಂದೆ. ಬಾಯಲ್ಲಿದ್ದ ಪೇಸ್ಟನ್ನು ಉಗುಳಿ ಒಂದು ಸಲ ನೀರಿನ ಹತ್ತಿರ ಹೋಗಲೂ ಇಲ್ಲ.

ಭಾನುವಾರ. ಹತ್ತೂವರೆಗೆ ಬಟ್ಟೆ ಒಗೆಯಲು ಹೋದಾಗ ಕಟ್ಟೆಯ ಅಂಚು ನೋಡಿದೆ. ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಹುಳುಗಳು ಹೊಟ್ಟಿನಂತೆ ದಡಕ್ಕೆ ಬಂದು ಸತ್ತು ಬಿದ್ದಿದ್ದವು. ಆ ಹುಳುಗಳು ಉಸಿರಾಡುವುದು ಹೊರಗಿನ ಗಾಳಿಯನ್ನು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಅವು ಸಾಯುವುದಿಲ್ಲ.

ಅಣ್ಣ ಹಿಂದಿನ ಸಂಜೆ ಅವರೆ ಗಿಡಕ್ಕೆ ಹುಳದ ಔಷಧಿ ಹೊಡೆದಿದ್ದ.

“ಪಂಪು ಎಲ್ಲಿ ತೊಳ್ದೆ?”

“ಕಟ್ಟೇಲಿ. ಇನ್ನೆಲ್ಲಿ, ನಿನ್ ತಲೆ ಮೇಲಾ? ಅಪ್ಪನ ಕಾಲದಿಂದ ಅಲ್ಲೇ ತೊಳೀತಿರೋದು.”

“ಮಿಕ್ಕಿದ್ ಔಷಧಿ?”

ಅವನ ಮುಖ ಬಿಳಿಚಿತು. “ಅರ್ಧ ಟ್ಯಾಂಕಿತ್ತು. ಅಲ್ಲೇ ಚೆಲ್ದೆ.”

ಓಡಿದೆ. ದೊಡ್ಡಮ್ಮ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಬೆರಳುದ್ದದ ಮೀನಿನ ಹೊಟ್ಟೆಯನ್ನು ನಮ್ಮಲ್ಲಿ ಯಾರೂ ಸೀಳುವುದಿಲ್ಲ, ಇಡಿಯಾಗಿ ಸಾರಿಗೆ ಹಾಕುತ್ತಾರೆ. ವಿಷಯ ಹೇಳಿದರೆ, “ಮೊದ್ಲೇ ಹೇಳ್ಬಾರ್ದಿತ್ತೇನೇ, ಎರಡು ಮುದ್ದೆ ಇಳಿಸ್ಬುಟ್ಟೆ” ಎಂದು ನಕ್ಕರು. ಅರ್ಧ ಗಂಟೆಯಲ್ಲಿ ಬೆವರು, ವಾಂತಿ, ನಿಲ್ಲದೆ ಸುರಿಯುವ ಜೊಲ್ಲು. ಆಟೋದಲ್ಲಿ ಗುಬ್ಬಿಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ತುಮಕೂರಿಗೆ. ಅಣ್ಣ ಔಷಧಿಯ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೀನಿನಿಂದಲೋ, ಅಷ್ಟು ಹೊತ್ತು ಆ ನೀರಿನಲ್ಲಿ ನಿಂತದ್ದರಿಂದಲೋ ಹೇಳಲಾಗದು ಎಂದರು ಡಾಕ್ಟರು.

ಸಂಜೆ ಕುಣಿಗಲ್‌ನಿಂದ ದೊಡ್ಡಮ್ಮನ ಮಗಳು ಬಂದಳು. “ಅವ್ವಂಗೆ ಯಾರ್ ಹೇಳಿದ್ದು ಅದನ್ನ ತಿನ್ನು ಅಂತ?”

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ತೊದಲುತ್ತಾ, “ಯಾರೂ ಇಲ್ಲ ಕಣೇ, ನಾನೇ ಆಸೆಬಿದ್ದು ತಿಂದೆ” ಎಂದರು. ನಾನು ಸುಮ್ಮನಿದ್ದುಬಿಟ್ಟೆ.

ಐದು ದಿನದ ಮೇಲೆ ಅವರು ಮನೆಗೆ ಬಂದರೂ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ‘ಏನಾಗಲ್ಲ’ ಎನ್ನುವ ನನ್ನದೇ ದನಿ. ಎರಡು ವಾರದಲ್ಲಿ ಕಟ್ಟೆಯ ನೀರು ಹಸಿರು ಪೇಂಟಿನಂತೆ ಗಟ್ಟಿಯಾಯಿತು. ಪಾಚಿ ತಿನ್ನುವ ಸಣ್ಣ ಜೀವಿಗಳು ಉಳಿದಿರಲಿಲ್ಲ. ಆಮೇಲೆ ಸೊಳ್ಳೆ ಬಂದವು. ಅವುಗಳ ಮರಿ ತಿನ್ನುವ ಮೀನೂ ಇಲ್ಲ, ಹುಳುವೂ ಇಲ್ಲ. ಮುಂದೇನಾಗುತ್ತದೆಂದು ನನಗೆ ಪ್ರತಿ ಹಂತದಲ್ಲೂ ಗೊತ್ತಿರುತ್ತಿತ್ತು. ಗೊತ್ತಿರಬೇಕಾಗಿದ್ದ ಆ ಒಂದು ಬೆಳಿಗ್ಗೆ ಬಿಟ್ಟು.

ಮಗಳು ಮತ್ತೆ ಬಂದಿದ್ದ ದಿನ ಅವರ ಜಗಲಿಯಲ್ಲಿ ಎಲ್ಲರೂ ಅವರೆಕಾಯಿ ಬಿಡಿಸುತ್ತಿದ್ದರು. ನಿಂತುಕೊಂಡೇ ಹೇಳಿಬಿಟ್ಟೆ: ತಿನ್ನು ಅಂದವಳು ನಾನು, ಔಷಧಿ ಚೆಲ್ಲಿದವನು ನಮ್ಮಣ್ಣ. ಮಗಳು ಕೈಯಲ್ಲಿದ್ದ ಕಾಯಿ ಬಿಟ್ಟು ನನ್ನನ್ನೇ ನೋಡಿದಳು. ದೊಡ್ಡಮ್ಮ ಮೊರವನ್ನು ಪಕ್ಕಕ್ಕೆ ತಳ್ಳಿದರು.

“ಈಗ್ ಬಾಯಿ ಬಂತಾ? ನನ್ ಕೊಂದೇಬುಡ್ತಿದ್ರಿ ಕಣೇ, ಅಣ್ಣ ತಂಗಿ ಸೇರ್ಕೊಂಡು! ನಾಲ್ಗೆ ಸೇದ್ಕೊಂಡ್ ಹೋಗಿತ್ತು ನಂಗೆ, ಗೊತ್ತೇನೇ ನಿಂಗೆ?” ಅಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಬೈದರು. ದನಿ ಒಡೆಯಿತು, ಅತ್ತರು, ಮತ್ತೆ ಬೈದರು. ನಾನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡೆ.

ಅವತ್ತು ರಾತ್ರಿ ಮಲಗಿದವಳಿಗೆ ಬೆಳಿಗ್ಗೆ ಎಚ್ಚರವಾದಾಗ ಡೈರಿಗೆ ಹಾಲು ಹಾಕಿದವರೆಲ್ಲ ವಾಪಸ್ಸು ಬಂದಾಗಿತ್ತು.