ಮಂಗಟ್ಟೆಯ ಪೊಟರೆ, ಕೋಳಿಯ ಅಂಗಳ

ಕವಲೇದುರ್ಗದ ಕೆಳಗಿನ ಹಳ್ಳಿಯಲ್ಲಿ ನಾನಿನ್ನೂ ಚಿಕ್ಕವನಿದ್ದಾಗ, ಬೇಸಿಗೆಯ ಒಂದು ಬೆಳಿಗ್ಗೆ ಅಪ್ಪ ನನ್ನನ್ನೂ ಅಕ್ಕನನ್ನೂ ಕಾಡಿಗೆ ಕರೆದುಕೊಂಡು ಹೋದರು. ಕೊಟ್ಟಿಗೆಗೆ ತರಗೆಲೆ ಬೇಕಿತ್ತು. ಅಪ್ಪ ಎಲೆ ಗುಡಿಸುತ್ತಿದ್ದಾಗ ನಾವು ಪಕ್ಕದ ಎತ್ತರದ ಮಣ್ಣಿನ ದರೆಯ ಮೇಲೆ ಹತ್ತಿದೆವು. ಎದುರಿನ ಮರದ ಪೊಟರೆ ನಮ್ಮ ಕಣ್ಣಿನ ಮಟ್ಟಕ್ಕೇ ಇತ್ತು. ಅದರ ಬಾಯಿಗೆ ಮಣ್ಣು ಮೆತ್ತಿದಂತಿತ್ತು. ನಡುವೆ ಸಣ್ಣ ಸೀಳು, ಸೀಳಿನಲ್ಲಿ ಅಲ್ಲಾಡುವ ಹಳದಿ ಕೊಕ್ಕಿನ ತುದಿ. ಕೊಳೆತ ಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿಯಿತು.

“ಪಾಪ, ಯಾರೋ ಕೂಡಿ ಹಾಕಿದಾರೆ,” ಎಂದಳು ಅಕ್ಕ. ಮಣ್ಣು ಒಡೆಯಲು ನಾನು ಉದ್ದದ ಕೋಲು ಚಾಚಿದೆ. ಅಪ್ಪ ಓಡಿ ಬಂದು ಅದನ್ನು ಹಿಡಿದುಕೊಂಡರು.

“ಒಡಿಬ್ಯಾಡ. ಮಂಗಟ್ಟೆ ಹಕ್ಕಿ ಅದು. ಮೊಟ್ಟೆ ಇಡಾಕೆ ಅಂತ ತಾನೇ ಒಳಗೆ ಕೂತು ಬಾಗ್ಲು ಮುಚ್ಕಂಡದೆ.”

ನಾನು ನಂಬಲಿಲ್ಲ. ನಮ್ಮ ಕೋಳಿ ಕಾವಿಗೆ ಕೂತಾಗಲೂ ದಿನಾ ಎದ್ದು ಕಾಳು ಹೆಕ್ಕಿ ಬರುತ್ತಿತ್ತು. “ಹಂಗಾದ್ರೆ ಊಟ?” ಎಂದೆ. ಅಪ್ಪ ನಮ್ಮನ್ನು ಪೊದೆಯ ಹಿಂದೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಗಂಡು ಮಂಗಟ್ಟೆ ಹಾರಿಬಂದು, ಗಂಟಲಿನಿಂದ ಒಂದೊಂದೇ ಬಸರಿ ಹಣ್ಣು ತೆಗೆದು ಸೀಳಿನೊಳಗೆ ಕೊಟ್ಟಿತು. ಮರಿ ಬೆಳೆಯುವ ತನಕ ಹೀಗೇ ಎಂದರು ಅಪ್ಪ. ಅಷ್ಟು ದಿನ ಕತ್ತಲಲ್ಲಿ ಕೂರುವ ಹಕ್ಕಿಗಿಂತ ನಮ್ಮ ಕೋಳಿಯೇ ಬುದ್ಧಿವಂತೆ ಅನ್ನಿಸಿತು.

ಮನೆಗೆ ಬಂದರೆ ಕೋಳಿ ಅಂಗಳದಲ್ಲಿ ಮರಿಗಳನ್ನು ಕಟ್ಟಿಕೊಂಡು ಮಣ್ಣು ಕೆದಕುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಹದ್ದೊಂದು ಎರಗಿತು. ಕೋಳಿ ಪುಕ್ಕ ಕೆದರಿ ಅದರ ಮೇಲೆ ಹಾರಿತು. ಆದರೂ ಅಕ್ಕನ ಮುದ್ದಿನ ಮರಿ ಹೋಯಿತು. ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು.

“ಕೋಳೀನೂ ಬಾಗ್ಲು ಮುಚ್ಕಂಡಿದ್ರೆ ಮರಿ ಉಳೀತಿತ್ತಲ್ಲ?” ಎಂದು ಅಪ್ಪನನ್ನು ಕೇಳಿದೆ.

“ಉಳೀತಿತ್ತು. ಆದ್ರೆ ಮಣ್ಣು ಕೆದಕಾದನ್ನ ಯಾರು ಕಲಿಸ್ತಿದ್ರು?”

“ಹಂಗಾದ್ರೆ ಯಾವ್ದು ಸರಿ?”

ಅಪ್ಪ ಅಕ್ಕನನ್ನು ಎಬ್ಬಿಸಿದರು. “ನಂಗೂ ಗೊತ್ತಿಲ್ಲ ಮಾರಾಯ.”

ಅಪ್ಪನಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ತಿಳಿದು ನನ್ನ ಗೊಂದಲ ಇನ್ನೂ ಹೆಚ್ಚಿತು.

ಮೊಮ್ಮಕ್ಕಳೇ, ನೀವು ಮೊಬೈಲಿನಲ್ಲಿ ಮಂಗಟ್ಟೆಯ ಗೂಡಿನ ಒಳಗನ್ನೇ ನೋಡಿದ್ದೀರಿ, ಮರಿಗೆ ಪುಕ್ಕ ಮೂಡುವುದನ್ನೂ ಕಂಡಿದ್ದೀರಿ. ನಾನು ಕಂಡದ್ದು ಕೊಕ್ಕಿನ ತುದಿ ಮಾತ್ರ. ಆದರೆ ನಿಮಗೆ ಮೊಟ್ಟೆ ತೀರ್ಥಹಳ್ಳಿ ಪೇಟೆಯಿಂದ ಟ್ರೇಯಲ್ಲಿ ಬರುತ್ತದೆ. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಎಷ್ಟು ಬಿಸಿ ಎಂದು ನಿಮಗೆ ಹೇಗೆ ಹೇಳಲಿ? ನಾವು ಇಡೀ ದಿನ ಗುಡ್ಡ ಅಲೆದು ಬಂದರೂ ಯಾರೂ ಹುಡುಕುತ್ತಿರಲಿಲ್ಲ. ಈಗ ನಿಮ್ಮನ್ನು ಗೇಟಿನಾಚೆ ನೀವಾಗಿಯೇ ಹೋಗಲು ಬಿಡಬೇಕೋ ಬೇಡವೋ ಎಂದು ನಿಮ್ಮ ಅಪ್ಪ ಅಮ್ಮ ಮಾತಾಡುತ್ತಾ ನನ್ನ ಮುಖ ನೋಡುತ್ತಾರೆ. ನಾನು ಅವರಿಗೂ ಮಂಗಟ್ಟೆಯ ಪೊಟರೆಯ, ಕೋಳಿಯ ಅಂಗಳದ ಈ ಕತೆಯನ್ನೇ ಹೇಳುತ್ತೇನೆ.