ಕುಂಕುಮ ಮೆತ್ತಿದ ಅಕಾರ್ಡಿಯನ್

ಅಪ್ಪ ನಾಟಕ ಕಂಪನಿಯಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದ. ಅವನು ತೀರಿಕೊಂಡಾಗ ನಾನು ಸಾಲೆಗೆ ಹೋಗುವ ಹುಡುಗಿ. ಇಳಕಲ್ಲಿನ ನಮ್ಮ ಮನೆಗೆ ಅವನಿಂದ ಬಂದದ್ದು ಆ ವಾದ್ಯ ಒಂದೇ. ನನಗೆ ಕಲಿಸುತ್ತಿದ್ದ ಹಾಡೊಂದು ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸಬೇಕು ಎಂಬುದಷ್ಟೇ ನನ್ನ ಆಸೆ.

ದೊಡ್ಡಪ್ಪ ಬಿಡಲಿಲ್ಲ. ಅದು ಜರ್ಮನಿಯ ಮಾಲು, ಹೆಣ್ಣುಮಕ್ಕಳ ಕೈಗೆ ಕೊಟ್ಟರೆ ಕೆಡುತ್ತದೆ ಎಂದು ದೇವರ ಜಗಲಿಯ ಮೇಲೆ ಏರಿಸಿಬಿಟ್ಟ. ಜರ್ಮನಿಯದು ಎಂದು ಹೇಳಿದವರು ಯಾರು ಅಂದರೆ, ಅವನೇ. ಪ್ರತಿ ಮಹಾನವಮಿಗೆ, ದುಡಿಮೆಯ ಸಾಮಾನುಗಳಿಗೆ ಮಾಡುವ ಖಂಡೆ ಪೂಜೆಯ ದಿನ, ನಮ್ಮ ಮಗ್ಗದ ಲಾಳಿಗಳ ಜೊತೆ ಅದಕ್ಕೂ ವಿಭೂತಿ, ಕುಂಕುಮ. ಕಾಯಿ ಒಡೆದು ಅದರ ನೀರನ್ನು ಎಲ್ಲದರ ಮೇಲೂ ಚಿಮುಕಿಸುತ್ತಿದ್ದ. ಲಾಳಿಗಳು ಮರುದಿನವೇ ಕೆಲಸಕ್ಕೆ ಹೋಗುತ್ತಿದ್ದವು. ಅಕಾರ್ಡಿಯನ್ ಅಲ್ಲೇ ಕೂತಿರುತ್ತಿತ್ತು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಆ ಅರ್ಧ ಹಾಡಿಗೆ ಬೆರಳಾಡಿಸುತ್ತಿದ್ದೆ.

ನನ್ನ ಲಗ್ನದ ಮಾತು ಬಂದಾಗ, ಅದನ್ನು ಮಾರಿದರೆ ಖರ್ಚು ನೀಗುತ್ತದೆ ಎಂದು ದೊಡ್ಡಪ್ಪನಿಗೆ ಹೊಳೆಯಿತು. ಬೆಲೆ ಕಟ್ಟಿಸಲು ಬಾಗಲಕೋಟೆಗೆ ಹೊರಟೆವು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ನಾನು ಬೇಕಾಗಿದ್ದೆ. ಆವತ್ತು ಮಾತ್ರ ಹೆಣ್ಣುಮಕ್ಕಳ ಕೈ ಅಡ್ಡ ಬರಲಿಲ್ಲ.

ಅಲ್ಲಿ ಹಾರ್ಮೋನಿಯಂ ಪೇಟಿ ದುರಸ್ತಿ ಮಾಡುವ ಚಾಚಾ ಒಂದು ಬಟ್ಟೆಯಿಂದ ಕುಂಕುಮ ಒರೆಸಿ, ಕೆಳಗಿದ್ದ ಅಕ್ಷರ ಓದಿದರು. ಇಟಲಿಯದು, ಭಾಳ ಒಳ್ಳೆಯ ಮಾಲು ಎಂದರು. ದೊಡ್ಡಪ್ಪನ ಮುಖ ಅರಳಿತು. ಆಮೇಲೆ ಅವರು ಸ್ಕ್ರೂ ಬಿಚ್ಚಿ ಒಳಗನ್ನು ತೋರಿಸಿದರು. ಜಾಲರಿಯ ತೂತುಗಳಿಂದ ಕಾಯಿನೀರು ಇಳಿದು, ಸ್ವರ ಹೊರಡಿಸುವ ತೆಳು ಪಟ್ಟಿಗಳೆಲ್ಲ ತುಕ್ಕು ಹಿಡಿದಿದ್ದವು.

"ಇದಕ್ಕ ನೀರು ಯಾಕ ಹಾಕಿದ್ರಿ?"

"ಪೂಜಿ ಮಾಡೇವ್ರಿ," ಎಂದ ದೊಡ್ಡಪ್ಪ.

ಚಾಚಾ ನನ್ನ ಕಡೆ ನೋಡಿದರು. ಯಾರಾದರೂ ಬಾರಿಸುತ್ತಿದ್ದರೆ ಮೊದಲನೇ ವರ್ಷವೇ ಸ್ವರ ಕೆಟ್ಟದ್ದು ಗೊತ್ತಾಗುತ್ತಿತ್ತು, ಆಗ ಉಳಿಸಬಹುದಿತ್ತು, ಈಗ ಇದನ್ನು ಯಾರೂ ಕೊಳ್ಳುವುದಿಲ್ಲ ಎಂದರು.

ವಾಪಸು ಬರುವಾಗ ಬಸ್ಸು ಹುನಗುಂದ ದಾಟಿತು. ಆಮೇಲೆ ದೊಡ್ಡಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ಇನ್ನ ಅದು ನಿಂದ ಆತು, ತಗೋ. ಎಷ್ಟ ಬೇಕಷ್ಟು ಬಾರಿಸ್ಕೋ."

ಮನೆಗೆ ಬಂದು ಬಾರಿಸಿದೆ. ಅಪ್ಪ ಬಿಟ್ಟ ಕಡೆಯಿಂದಲೇ ಶುರು ಮಾಡಿದೆ. ಬರೀ ಗಾಳಿ ಬಂತು. ದೊಡ್ಡಪ್ಪ ಹೋಗಿ ಎಷ್ಟೋ ವರ್ಷವಾಯಿತು, ನಾನಿನ್ನೂ ಅವನನ್ನು ಕ್ಷಮಿಸಿಲ್ಲ.